ಜೊತೆಯಲ್ಲಿ ಉಣ್ಣುವ ಮಕ್ಕಳು

ಆರು ವರ್ಷದೊಳಗಿನ ಮಕ್ಕಳಲ್ಲಿ ಬಡವರೆಷ್ಟು ಎಂದು ರಾಜ್ಯಕ್ಕೆ ಅಂದಾಜು ಕೊಡುವುದು ನಮ್ಮ ಆಫೀಸಿನ ಕೆಲಸ. ಎಲ್ಲ ಮನೆಗೂ ಹೋಗಲಾಗುವುದಿಲ್ಲ. ಚೀಟಿ ಎತ್ತಿದ ಹಾಗೆ ಅಲ್ಲೊಂದು ಇಲ್ಲೊಂದು ಮನೆ ಆರಿಸಿ, ಕೇಳಿ, ಉಳಿದವರ ಲೆಕ್ಕ ಹೇಳುತ್ತೇವೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು ಎನ್ನುತ್ತಾರಲ್ಲ, ಹಾಗೆ. ಸಮೀಕ್ಷೆಗೆ ಹೋಗುವ ಹುಡುಗಿಯರಿಗೆ ಪಾಠ ಹೇಳುವವಳು ನಾನು. "ಉತ್ತರ ಗೊತ್ತಿದ್ರೂ ಪ್ರಶ್ನೆ ಬಿಡಬಾರ್ದು" ಎಂದು ಗಿಣಿಗೆ ಹೇಳಿದಂತೆ ಹೇಳಿ ಹೇಳಿ, ಬೆನ್ನ ಹಿಂದೆ 'ಸರಾಸರಿ ಅಮ್ಮ' ಎನಿಸಿಕೊಂಡಿದ್ದೇನೆ. ನನ್ನನ್ನು ಅಮ್ಮ ಎನ್ನುವವರು ಬೇರೆ ಯಾರೂ ಇಲ್ಲ, ಹಾಗಾಗಿ ಸಿಟ್ಟೂ ಬರುವುದಿಲ್ಲ.

ಕೆಳಗಿನ ಮನೆಯಲ್ಲಿ ಟೈಲರಮ್ಮ ಇದ್ದಳು. ಅವಳ ಜೊತೆ ನಾಲ್ಕು ವರ್ಷದ ಒಂದು ಹುಡುಗಿ. ಅಂಗಿಯ ಗುಂಡಿಗಳ ಡಬ್ಬಿಯೇ ಅವಳ ಆಟದ ಸಾಮಾನಾದ್ದರಿಂದ ಎಲ್ಲರ ಬಾಯಲ್ಲೂ ಬಟನ್. ಅವಳ ತಾಯಿ ಟೈಲರಮ್ಮನ ಪಕ್ಕದ ಮಿಷಿನ್ನಿನಲ್ಲಿ ಹೊಲಿಯುತ್ತಿದ್ದವಳು. ಒಂದು ತಿಂಗಳು ನೋಡಿಕೋ ಎಂದು ಮಗುವನ್ನು ಬಿಟ್ಟು ದೂರದೂರಿಗೆ ಕೆಲಸಕ್ಕೆ ಹೋದವಳು ಮತ್ತೆ ಬಂದಿರಲಿಲ್ಲ. ಹಗಲು ಬಟನ್ ನಮ್ಮ ಬೀದಿಯ ಶಿಶುಕೇಂದ್ರದಲ್ಲಿ, ಸಂಜೆ ಟೈಲರಮ್ಮ ಕೆಲಸ ಮುಗಿಸಿ ಬರುವವರೆಗೆ ನನ್ನ ಮನೆಯಲ್ಲಿ. ಕರೆಗಂಟೆ ಎಟುಕದೆ ಬಾಗಿಲನ್ನು ಒದೆಯುತ್ತಿದ್ದಳು.

"ಲೆಕ್ಕದಜ್ಜಿ, ಬಾಗ್ಲು."

ನನ್ನ ಜೊತೆ ತಿನ್ನಲು ಕೂರುವ ಮೊದಲು ಕೈ ತೊಳೆಯಲು ಅವಳಿಗೆಂದೇ ಸಿಂಕಿನ ಕೆಳಗೆ ಒಂದು ಮೋಟು ಸ್ಟೂಲು ಇಟ್ಟಿದ್ದೆ. ಇಡೀ ದಿನ ನಾನು ಕಾಯುತ್ತಿದ್ದದ್ದು ಆ ಒದೆತಕ್ಕೇ.

ಆ ವರ್ಷ ಸರ್ಕಾರ, ಬಡ ಮಕ್ಕಳ ಅಂದಾಜು ಹೆಚ್ಚಿರುವ ಕಡೆ ಮಾತ್ರ ಶಿಶುಕೇಂದ್ರ ಉಳಿಸುವುದೆಂದು ಆದೇಶ ಹೊರಡಿಸಿತು. ಒಂದು ಬಡಾವಣೆಗೆ ಅಂದಾಜು ಕೊಡಬೇಕಾದರೆ ಸಮೀಕ್ಷೆಯಲ್ಲಿ ಅಲ್ಲಿನ ಮೂವತ್ತು ಮಕ್ಕಳಾದರೂ ಸಿಕ್ಕಿರಬೇಕು. ಇಲ್ಲದಿದ್ದರೆ ಅಂಕಿಯ ಜಾಗದಲ್ಲಿ ನಾವು ಒಂದು ಸಣ್ಣ ಗೆರೆ ಎಳೆಯುತ್ತೇವೆ. ಗೆರೆ ಬಿದ್ದರೆ ಕೇಂದ್ರಕ್ಕೆ ಬೀಗವೂ ಬಿದ್ದ ಹಾಗೆ. ನಮ್ಮ ಬಡಾವಣೆಗೆ ಒಂದೇ ಒಂದು ಮಗು ಕಡಿಮೆ ಬಿತ್ತು.

ಯಾವ ಮಗು ಬಿಟ್ಟುಹೋಗಿದೆ ಎಂದು ಹುಡುಕಿದೆ. ಒಂದು ಮನೆಯ ಫಾರಂನಲ್ಲಿ ಹೀಗಿತ್ತು: ಹೊಲಿಗೆ ಕೆಲಸದ ಹೆಂಗಸು, ನಾಲ್ಕು ವರ್ಷದ ಹುಡುಗಿ, ಸಂಬಂಧ: ಏನೂ ಇಲ್ಲ. ಮಗು ಬಡತನದಲ್ಲಿದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಕುಟುಂಬದ ಸಂಪಾದನೆ ನೋಡಿ. ರಕ್ತ, ಮದುವೆ, ದತ್ತು ಮೂರೂ ಇಲ್ಲದಿದ್ದರೆ ಕುಟುಂಬವೇ ಇಲ್ಲ. ನಮ್ಮ ಬಟನ್ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಕೆಳಗಿಳಿದು ಹೋಗಿ ಟೈಲರಮ್ಮನನ್ನು ತರಾಟೆಗೆ ತೆಗೆದುಕೊಂಡೆ. "ಅಕ್ಕನ ಮಗಳು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಒಂದ್ಸಲ ನನ್ನೋಳು ಅಂತ ಬರೆಸಿಬಿಟ್ರೆ, ನಾಳೆ ಅವಳಮ್ಮ ಬಂದಾಗ ವಾಪಸ್ ಕೊಡೋಕೆ ನಂಗೆ ಮನಸ್ಸು ಬರಲ್ಲ ಅಕ್ಕ. ಅದಕ್ಕೇ ಏನೂ ಅಲ್ಲ ಅಂದೆ." ಆಮೇಲೆ ತಲೆ ಎತ್ತದೆ ಕೇಳಿದಳು. "ಅಲ್ಲಿ ನೀವೇ ದೊಡ್ಡೋರಲ್ವಾ? ತಿದ್ದೋಕಾಗಲ್ವಾ?"

"ಆಗಲ್ಲ" ಎಂದೆ. ನಮಗೆ ಬೇಕಾದ ಒಂದು ಮನೆಯನ್ನು ತಿದ್ದಿದರೆ ಉಳಿದ ಸಾವಿರ ಮನೆಯ ಮಾತಿಗೆ ಬೆಲೆ ಎಲ್ಲಿ? ಹಾಗೆಂದು ಈಗಲೂ ನಂಬುತ್ತೇನೆ.

ತಿದ್ದಬಹುದಾದದ್ದು ನಿಯಮ ಒಂದೇ. ನಿರ್ದೇಶಕರ ಮುಂದೆ ಹೋಗಿ ನಿಂತೆ. "ಮಗು ಯಾರ ಜೊತೆ ಉಣ್ಣುತ್ತೋ ಆ ಮನೆ ಮಗು ಅಂತ ಹಿಡೀಬೇಕು ಸಾರ್."

"ಒಳ್ಳೇ ಮಾತು ಮೇಡಂ. ಪ್ರಶ್ನೆ ನೀವೇ ಬರೀರಿ. ಮುಂದಿನ ವರ್ಷದಿಂದ ಸೇರಿಸೋಣ."

ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಪ್ರಶ್ನೆ ಬರೆದುಕೊಟ್ಟೆ. ಅಷ್ಟರೊಳಗೆ ಕೇಂದ್ರ ಮುಚ್ಚಿತು. ಮಗುವನ್ನು ಮಿಷಿನ್ನಿನ ಪಕ್ಕ ಕೂರಿಸಲು ಮಾಲೀಕ ಒಪ್ಪಲಿಲ್ಲ. ಟೈಲರಮ್ಮ ತನ್ನ ತಮ್ಮನ ಊರಿಗೆ ಹೊರಟಳು.

"ಇವಳನ್ನ ನನ್ನ ಹತ್ರ ಬಿಡು" ಎಂದೆ. ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು.

"ನೀವು ಆಫೀಸಿಗೆ ಹೋದ್ಮೇಲೆ ಹಗಲೆಲ್ಲ ಯಾರಿರ್ತಾರೆ ಅಕ್ಕ?"

ಅವಳಮ್ಮ ಬಂದರೆ ಕೊಡಿ ಎಂದು ತಮ್ಮನ ವಿಳಾಸ ನನ್ನ ಕೈಗಿಟ್ಟಳು. ಬಾಗಿಲು ತೆರೆದೇ ಇದ್ದರೂ ಬಟನ್ ಅಭ್ಯಾಸಬಲದಿಂದ ಒಂದು ಸಲ ಒದ್ದು, ಮೆಟ್ಟಿಲಿಳಿದು ಹೋದಳು.

ಮರುವರ್ಷ ಚೀಟಿ ನನ್ನ ಮನೆಗೇ ಬಿತ್ತು. ಅದರ ಸಂಭವ ಎಷ್ಟು ಕಡಿಮೆಯೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಂದವಳು ನಾನೇ ಕಲಿಸಿದ ಹುಡುಗಿ. ಕುರ್ಚಿಯ ತುದಿಯಲ್ಲಿ ಕುಳಿತು ಬೆವರು ಒರೆಸಿಕೊಂಡಳು.

"ಮನೇಲಿ ಎಷ್ಟು ಜನ ಮೇಡಂ?"

"ಒಬ್ಬಳೇ."

ಒಂದೊಂದೇ ಕೇಳುತ್ತಾ ಹೋದವಳು ಕೊನೆಗೆ ತಡವರಿಸಿದಳು. "ಇದನ್ನ ಬಿಟ್ಬಿಡ್ಲಾ ಮೇಡಂ? ನಿಮಗೆ ಇದು..."

"ಬಿಡಬಾರ್ದು. ಕೇಳು."

ಅವಳು ಓದಿದಳು. "ನಿಮಗೆ ಏನೂ ಸಂಬಂಧ ಇಲ್ದೇ ಇದ್ರೂ, ನಿಮ್ಮ ಜೊತೆ ಊಟ ಮಾಡೋ ಮಕ್ಕಳು ಯಾರಾದ್ರೂ ಇದ್ದಾರಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಯಾರಿಗೂ ಅರ್ಥವಾಗುವಂತಿತ್ತು. ಹುಡುಗಿಯ ಕಣ್ಣು ಸಿಂಕಿನ ಕೆಳಗಿನ ಸ್ಟೂಲಿನ ಮೇಲಿತ್ತು.

"ಇಲ್ಲ" ಎಂದೆ. "ಇಲ್ಲ ಅಂತ ಬರ್ಕೋ."