ಪ್ರಮಾಣದ ಬೊಮ್ಮಯ್ಯ

ಬೊಮ್ಮಯ್ಯನ ದೇಹದಲ್ಲಿ ಮೊದಲು ಹುಟ್ಟಿದ್ದು ಕಂಠವೇ ಇರಬೇಕು; ಉಳಿದ ಅವಯವಗಳೆಲ್ಲ ಅದನ್ನು ಹೊತ್ತು ತಿರುಗಲಿಕ್ಕೆಂದು ಆಮೇಲೆ, ಅಷ್ಟೇನೂ ಮನಸ್ಸಿಲ್ಲದೆ, ಬೆಳೆದುಕೊಂಡಿದ್ದವು. ಸಣಕಲು ಕಾಲು, ಒಳಕ್ಕೆ ಹೋದ ಎದೆ, ಎಡ ಹಿಮ್ಮಡಿಯನ್ನು ಎಳೆದೆಳೆದು ಇಡುವ ನಡಿಗೆ. ಆದರೆ ಕೋರ್ಟಿನ ಜಗಲಿಗೆ ಬಂದು ಸಾಕ್ಷಿಯ ಹೆಸರನ್ನು ಮೂರು ಸಲ ಕೂಗಿದನೆಂದರೆ ಬಂದರದ ಬದಿಯ ಚಹದಂಗಡಿಯಲ್ಲಿ ಕೂತವರೂ ಲೋಟ ಕೆಳಗಿಟ್ಟು, ತಮ್ಮನ್ನೇ ಕರೆದರೇನೋ ಎಂದು ಕಿವಿಗೊಡುತ್ತಿದ್ದರು. ಕುಮಟೆಯಿಂದ ಭಟ್ಕಳದವರೆಗಿನ ಯಾವ ಪೇಟೆಯ ಕೋರ್ಟು ಅದೆಂದು ಹೇಳುವುದು ಬೇಡ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ಬೊಮ್ಮಯ್ಯನ ಪಟ್ಟೇವಾಲಗಿರಿ, ಎಂದರೆ ಕೋರ್ಟಿನ ಜವಾನಿಕೆ, ಹೋಗಲಿಲ್ಲವೆಂದರೆ ಸಾಕು.

ಖಾಕಿ ಕೋಟು, ಅದರ ಮೇಲೆ ಅಡ್ಡ ಕೆಂಪು ಪಟ್ಟಿ, ಪಟ್ಟಿಯ ನಡುವೆ ಹಿತ್ತಾಳೆಯ ಬಿಲ್ಲೆ. ಆ ಬಿಲ್ಲೆಯನ್ನು ಪ್ರತಿ ಸೋಮವಾರ ಬೆಳಿಗ್ಗೆ ಹುಣಸೆಹಣ್ಣು ಹಾಕಿ ತಿಕ್ಕುವುದು ಅವನ ವ್ರತ. ಕೂಗುವುದಕ್ಕಿಂತಲೂ ಅವನಿಗೆ ಪ್ರಿಯವಾದದ್ದು ಪ್ರಮಾಣ ಮಾಡಿಸುವ ಕೆಲಸ. ಸಾಕ್ಷಿ ಕಟಕಟೆ ಹತ್ತಿದೊಡನೆ ಬೊಮ್ಮಯ್ಯ ಬಿಲ್ಲೆಯನ್ನೊಮ್ಮೆ ಮುಟ್ಟಿಕೊಂಡು, ‘ದೇವರ ಸಾಕ್ಷಿಯಾಗಿ ಸತ್ಯವನ್ನೇ ಹೇಳುತ್ತೇನೆ’ ಎಂದು ತುಂಡುತುಂಡಾಗಿ ಹೇಳಿಕೊಡುವನು. ಊರಲ್ಲಿ ಅವನ ಮುಖವನ್ನೂ ನೋಡದೆ ಹೋಗುವ ಜಮೀನುದಾರರು ಅಲ್ಲಿ ಅವನ ಹಿಂದೆ ಮಗ್ಗಿಯಂತೆ ಒಪ್ಪಿಸುವರು. ಆ ಒಂದು ಗಳಿಗೆಯಲ್ಲಿ ದೇವರು ತನ್ನ ಕೈಕೆಳಗೆ ಕೆಲಸಕ್ಕಿದ್ದಾನೆಂದೇ ಅವನ ಭಾವನೆ.

ಬಹುಶಃ ಆ ಸಲಿಗೆಯಿಂದಲೇ ಅವನ ಬಾಯಲ್ಲಿ ‘ದೇವರಾಣೆ’ ಎಂಬುದು ಎಲೆಯಡಿಕೆಯ ಹಾಗೆ ಸದಾ ಇರುತ್ತಿತ್ತು. ಬಸ್ಸು ತಡವಾಗಿ ಬಂದದ್ದು ದೇವರಾಣೆ, ಬಂಗಡೆ ಹಳಸಿದ್ದು ದೇವರಾಣೆ. ಹೆಂಡತಿ ಕಮಲಿ ಮಾತ್ರ ಮೀನನ್ನು ತಾನೇ ಮೂಸಿ ನೋಡಿ, ‘ನಿಮ್ಮ ಆಣೆ ತಕಂಡು ಎಂತ ಮಾಡೂದು, ಉಪ್ಪಿನಕಾಯಿ ಹಾಕೂದಾ?’ ಎನ್ನುತ್ತಿದ್ದಳು.

ಇಂಥ ಬೊಮ್ಮಯ್ಯನ ಎದುರಿಗೆ ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ದುರ್ಗಿ ಬಂದು ನಿಂತಳು. ಬಸಳೆ, ಹರಿವೆ ಬೆಳೆದು ಬುಟ್ಟಿಯಲ್ಲಿ ಹೊತ್ತು ಪೇಟೆಗೆ ತರುವ ಹಾಲಕ್ಕಿ ಒಕ್ಕಲಿನ ಹೆಂಗಸು. ಕೊರಳ ತುಂಬ ಮಣಿಸರ, ಬರಿಗಾಲು. ಅವಳ ನೆರೆಮನೆಯ ಮಾಬ್ಲನೆಂಬವನು ಊರ ಧಣಿಯ ಹುಲ್ಲಿನ ಬಣವೆಗೆ ಹಾಡಹಗಲೇ ಬೆಂಕಿಯಿಟ್ಟನೆಂದು ಮೊಕದ್ದಮೆ. ಬಣವೆ ಉರಿಯುವ ಹೊತ್ತಿಗೆ ಮಾಬ್ಲ ತನ್ನ ಬಸಳೆ ಚಪ್ಪರಕ್ಕೆ ನೀರು ಹೊರುತ್ತಿದ್ದುದನ್ನು ಕಂಡವಳು ದುರ್ಗಿಯೊಬ್ಬಳೇ. ಅವಳ ಮಾತು ದಾಖಲಾಗದಿದ್ದರೆ ಅವನಿಗೆ ಜೈಲು ಖಂಡಿತ.

ಬೊಮ್ಮಯ್ಯ ಬಿಲ್ಲೆ ಮುಟ್ಟಿಕೊಂಡು, ‘ದೇವರ ಸಾಕ್ಷಿಯಾಗಿ’ ಎಂದ. ದುರ್ಗಿ ಸುಮ್ಮನಿದ್ದಳು. ಕಿವುಡಿಯೇನೋ ಎಂದು ಇನ್ನೊಮ್ಮೆ ಗುಡುಗಿದ.

‘ಕೇಳ್ತು ಒಡೆಯಾ. ನಾ ಕಂಡದ್ದು ನಾ ಹೇಳ್ತೆ. ಬೆಂಕಿ ಜಗಳಕ್ಕೆ ದೇವ್ರ ಎಂತಕೆ ಕರ್ಕಂಡು ಬರೂದು?’

ಶಿರಸ್ತೇದಾರರು ಪ್ರಮಾಣ ನಿರಾಕರಿಸಿದವರಿಗೆ ಆರು ತಿಂಗಳ ತನಕ ಸಜೆಯಾದೀತೆಂದು ಹೆದರಿಸಿದರು. ದೇವರಲ್ಲಿ ನಂಬಿಕೆಯಿಲ್ಲವೇ ಎಂದು ವಕೀಲರು ಕೇಳಿದರು. ‘ನಂಬ್ಕೆ ಇದ್ದದ್ದಕ್ಕೇ ಕರಿತಿಲ್ಲೆ’ ಎಂದಳು ದುರ್ಗಿ. ‘ಅವ ನಾ ಕರೆದಲ್ಲಿಗೆಲ್ಲ ಬರೂ ಆಳಲ್ಲ. ಸರಕಾರ ಕರೆದ್ರೂ ಅಷ್ಟೆ.’ ಹೊಸದಾಗಿ ಬಂದಿದ್ದ ಎಳೆಯ ಮ್ಯಾಜಿಸ್ಟ್ರೇಟರು ಪೆನ್ನು ಮುಚ್ಚಿಟ್ಟು, ಕಾಯಿದೆ ನೋಡಿ ಹೇಳುತ್ತೇನೆ, ಇನ್ನು ಮೂರು ದಿನ ತಪ್ಪದೆ ಹಾಜರಿರು, ಕರೆದಾಗ ಇಲ್ಲದಿದ್ದರೆ ನಿನ್ನ ಸಾಕ್ಷಿ ಬಿಟ್ಟೇ ಮುಂದುವರಿಸಬೇಕಾಗುತ್ತದೆ ಎಂದರು.

ಆ ಮೂರು ದಿನ ಬೊಮ್ಮಯ್ಯನ ಹೊಟ್ಟೆಯಲ್ಲಿ ಉರಿದದ್ದು ಸಾಮಾನ್ಯದ ಕಿಚ್ಚಲ್ಲ. ಅವಳಿಗೆ ಸಜೆಯಾಗಲೆಂಬ ಹಗೆಯಾದರೆ ಅವನಿಗೇ ಅರ್ಥವಾಗುತ್ತಿತ್ತು, ಇದು ಬೇರೆ. ಆಲದ ಮರದಡಿ ಬುಟ್ಟಿ ಇಟ್ಟುಕೊಂಡು ಕೂತವಳ ಹತ್ತಿರ ವಕೀಲರು ತಾವಾಗಿ ಹೋಗಿ ‘ಎಂತ ದುರ್ಗಿ, ಗಂಜಿ ಉಂಡ್ಯಾ?’ ಎಂದು ವಿಚಾರಿಸುವರು. ಧಣಿಯ ಕಡೆಯವರೂ ಆ ಹೆಂಗಸು ಸುಳ್ಳು ಹೇಳುವುದಿಲ್ಲ ಬಿಡಿ ಎಂದು ಗೊಣಗುವರು. ಇಪ್ಪತ್ತೆರಡು ವರ್ಷ ಸಾವಿರಾರು ಜನರ ಬಾಯಲ್ಲಿ ತಾನು ಸತ್ಯವನ್ನು ನುಡಿಸಿದವನು. ತನಗೆ ಸಿಗದ ಆ ಗೌರವ, ಒಂದು ಸಾಲನ್ನು ಹೇಳಲಾರೆ ಎಂದ ಮಾತ್ರಕ್ಕೆ ಬಸಳೆ ಮಾರುವವಳಿಗೆ ಸಿಕ್ಕಿತಲ್ಲ! ಮನೆಗೆ ಹೋದರೆ ಕಮಲಿಯದೂ ಅದೇ ಕಥೆ: ‘ದುರ್ಗಿ ಹೇಳಿದ್ರೆ ಆತು ಬಿಡಿ, ಮಾಬ್ಲ ಇಟ್ಟದ್ದಲ್ಲ.’ ಬೊಮ್ಮಯ್ಯ ಉಣ್ಣದೆ ಎದ್ದ.

ಮೂರನೆಯ ದಿನ ಅವನು ತನ್ನ ಜೀವಮಾನದಲ್ಲೇ ಮಾಡದ ಕೆಲಸವೊಂದನ್ನು ಮಾಡಿದ. ಜಗಲಿಗೆ ಬಂದು, ರಸ್ತೆಯಲ್ಲಿ ಸರ್ವಿಸ್ ಬಸ್ಸು ಹಾರ್ನು ಹೊಡೆಯುವುದನ್ನೇ ಕಾದು, ದುರ್ಗಿಯ ಹೆಸರನ್ನು ಪಕ್ಕದ ಕಂಬಕ್ಕೂ ಕೇಳಿಸದಷ್ಟು ಮೆಲ್ಲಗೆ ಕರೆದ. ಎರಡನೆಯ ಸಲವೂ ಹಾಗೆಯೇ. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲ ಬುಡದಲ್ಲಿದ್ದಳು. ಕರೆ ತಪ್ಪೀತೆಂದು ಬೆಳಗಿನಿಂದ ಅವನ ಮುಖದ ಮೇಲಿಂದ ಕಣ್ಣು ತೆಗೆದಿರಲಿಲ್ಲ. ‘ಗಂಟ್ಲು ಕಟ್ಟಿತ್ತಾ ಒಡೆಯಾ? ಬಿಸ್ನೀರಿಗೆ ಕಾಳುಮೆಣಸು ಹಾಕ್ಕಂಡು ಕುಡೀರಿ’ ಎಂದಳು. ಅದರಲ್ಲಿ ಸಂಶಯದ ಎಳೆಯೂ ಇರಲಿಲ್ಲ, ಅದನ್ನೇ ಅವನಿಂದ ಸಹಿಸಲಾಗಲಿಲ್ಲ.

ಮ್ಯಾಜಿಸ್ಟ್ರೇಟರು ಕಾಯಿದೆ ಓದಿ ಬಂದಿದ್ದರು. ಸತ್ಯ ಹೇಳೆಂದು ಕೋರ್ಟು ಕೇಳಬಹುದು, ದೇವರನ್ನು ತಾ ಎಂದು ಒತ್ತಾಯಿಸಲಾಗದು ಎಂದರು. ‘ಸತ್ಯ ಹೇಳ್ತೆ’ ಎಂಬ ಎರಡೇ ಶಬ್ದದ ಮೇಲೆ ದುರ್ಗಿಯ ಹೇಳಿಕೆ ದಾಖಲಾಯಿತು, ಮರುವಾರ ಮಾಬ್ಲ ಬಿಡುಗಡೆಯಾದ. ಇನ್ನುಮೇಲೆ ಪ್ರತಿ ಸಾಕ್ಷಿಯನ್ನೂ ಯಾವ ರೀತಿಯ ಪ್ರಮಾಣವೆಂದು ಕೇಳಬೇಕೆಂಬ ಅಪ್ಪಣೆಯೂ ಆಯಿತು. ಹೀಗಾಗಿ ಬೊಮ್ಮಯ್ಯ ದಿನವಿಡೀ ‘ದೇವರು ಬೇಕೋ, ಬೇಡವೋ?’ ಎಂದು ಜನರನ್ನು ಕೇಳುತ್ತ ನಿಲ್ಲಬೇಕಾಯಿತು.

ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಅವನು ಸಂತೆಯಲ್ಲಿ ದುರ್ಗಿಯ ಬುಟ್ಟಿಯೆದುರು ಕುಕ್ಕರಗಾಲಲ್ಲಿ ಕೂತ. ಬಸಳೆಯನ್ನು ತಿರುವಿ ಹಾಕುತ್ತ, ‘ಅಷ್ಟು ಹಟ ಎಂತಕೆ ಮಾಡ್ದೆ ಮಾರಾಯ್ತಿ? ನಾನಾಗಿದ್ರೆ ಒಂದೇ ಉಸ್ರಲ್ಲಿ ಹೇಳಿ ಮುಗಿಸ್ತಿದ್ದೆ’ ಎಂದ.

ದುರ್ಗಿ ಸೊಪ್ಪಿಗೆ ನೀರು ಚಿಮುಕಿಸುವುದನ್ನು ನಿಲ್ಲಿಸಿ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಮುಖದಿಂದಲೇ ಕೇಳಿದಳು: ‘ಅಷ್ಟು ಜನಕ್ಕೆ ಹೇಳಿಸ್ತ್ರಿ. ನಿಮ್ಮ ಹತ್ರ ಯಾರಾರೂ ಕೇಳಿದ್ರಾ ಒಡೆಯಾ, ನೀವು ಎಂತ ಕಂಡ್ರಿ ಅಂತ?’

ಬೊಮ್ಮಯ್ಯ ಇಪ್ಪತ್ತೆರಡು ವರ್ಷಗಳನ್ನು ಹಿಂದುಮುಂದಾಗಿ ತಡಕಿ ನೋಡಿದ. ಒಬ್ಬರೂ ಕೇಳಿರಲಿಲ್ಲ. ಬಸಳೆಯ ಕಟ್ಟನ್ನು ಅಲ್ಲೇ ಬಿಟ್ಟು ಎದ್ದು ನಡೆದ.

ಬೊಮ್ಮಯ್ಯನಂಥವರು ಎಲ್ಲ ಕಾಲದಲ್ಲೂ, ಎಲ್ಲ ದೇವರ ಹೆಸರಿನಲ್ಲೂ, ಅಧಿಕಾರದ ಹೊಸ್ತಿಲ ಬಳಿ ಸಿಗುತ್ತಾರೆ. ಅವರು ದುಷ್ಟರೇನಲ್ಲ, ಪರರ ಅಂತಃಕರಣಕ್ಕೆ ಅಪ್ಪಣೆ ಕೊಡುವ ಚಾಕರಿಯಲ್ಲಿ ತಮಗೂ ಒಂದು ಅಂತಃಕರಣವಿದ್ದುದನ್ನು ಮರೆತವರು. ಭಕ್ತರನ್ನು ಕಂಡರೂ ನಾಸ್ತಿಕರನ್ನು ಕಂಡರೂ ಅವರಿಗೆ ಏನೂ ಅನ್ನಿಸುವುದಿಲ್ಲ. ಒಲ್ಲೆ ಎಂದವರನ್ನು ಕಂಡಾಗ ಮಾತ್ರ ಹೊಟ್ಟೆ ಉರಿಯುತ್ತದೆ, ಏಕೆಂದರೆ ಅಷ್ಟು ವರ್ಷಗಳಲ್ಲಿ ಯಾವುದಾದರೊಂದು ದಿನ ತಾವೂ ಹಾಗೆ ಅನ್ನಬಹುದಿತ್ತು ಎಂಬುದು ಆಗಲೇ ಅವರಿಗೆ ಹೊಳೆಯುವುದು.