ಬಾಯಿ ಮುಚ್ಚದ ಕವಡೆ

ನಾನು ಒಂದು ಕವಡೆ. ಹಾಗೆಂದು ಸಾಮಾನ್ಯ ಕವಡೆಯೆಂದು ತಿಳಿಯಬೇಡಿ. ನಾನು ಹುಟ್ಟಿದ ದಿನ ಏಳು ಸಮುದ್ರಗಳೂ ಅಲೆ ನಿಲ್ಲಿಸಿ ನನಗೆ ದಾರಿ ಬಿಟ್ಟವು. ಹಸ್ತಿನಾವತಿಯ ಜೂಜಿಗೆ ನನ್ನನ್ನೂ ಕರೆದಿದ್ದರು, ಪುರುಸೊತ್ತಾಗಲಿಲ್ಲ. ಹೋಗಿದ್ದರೆ ಪಾಂಡವರು ಕಾಡು ಕಾಣುತ್ತಿರಲಿಲ್ಲ.

ಅಂಥ ನಾನು ಕೆ.ಆರ್. ನಗರದ ತುಂಗಮ್ಮನವರ ಪಾಲಿಗೆ ಬಂದೆ. ತಾಯಿ ಬಿಟ್ಟುಹೋದ ಎಂಟು ಕವಡೆಗಳಲ್ಲಿ ನಾಲ್ಕು ಅವರಿಗೆ, ನಾಲ್ಕು ಹಾಸನದಲ್ಲಿರುವ ತಂಗಿ ವಿಶಾಲಮ್ಮನಿಗೆ. ಆದರೆ ತಾಯಿಯ ಬೆಳ್ಳಿಯ ಕುಂಕುಮ ಭರಣಿ ಇದ್ದದ್ದು ಒಂದೇ. ಪ್ರತಿ ಗೌರಿ ಹಬ್ಬದ ಮಧ್ಯಾಹ್ನ ಚೌಕಾಬಾರ ಆಡುವುದು, ಗೆದ್ದವರ ಮನೆಯಲ್ಲಿ ಭರಣಿ ಒಂದು ವರ್ಷ ಎಂದು ಅಕ್ಕತಂಗಿ ಒಪ್ಪಿಕೊಂಡರು. ಒಬ್ಬರ ಕವಡೆ ಇನ್ನೊಬ್ಬರು ಮುಟ್ಟುವಂತಿಲ್ಲ, ಅದೃಷ್ಟ ಹೋಗುತ್ತದೆ ಎಂದು ಕಟ್ಟಳೆ ಮಾಡಿದವರು ತುಂಗಮ್ಮ.

ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು ಮನೆ. ಎರಡಕ್ಕೂ ಮತ್ತೊಂದು ಆಟ ಸಿಗುತ್ತದೆ. ಚೌಕ ಎಂದರೆ ನನ್ನ ಮನೆಯ ಆಳು, ಕರೆದಾಗೆಲ್ಲ ಓಡಿಬರುತ್ತಿತ್ತು. ಇಪ್ಪತ್ತೆರಡು ವರ್ಷ ಭರಣಿ ತುಂಗಮ್ಮನ ದೇವರ ಗೂಡು ಬಿಟ್ಟು ಕದಲಲಿಲ್ಲ. ಮಿಕ್ಕ ಮೂವರಿಗಿಂತ ನನ್ನ ಹೊಟ್ಟೆ ಭಾರ. ಅದು ಅನುಭವದ ಭಾರ.

ಈ ವರ್ಷ ವಿಶಾಲಮ್ಮನಿಗೆ ಮಂಡಿ ಆಪರೇಷನ್. ಬರಲಾಗದು. "ಫೋನಲ್ಲೇ ಆಡೋಣ ಅಕ್ಕ, ಅದರಲ್ಲೂ ಚೌಕಾಬಾರ ಐತೆ" ಎಂದರು. ಸೊಸೆ ರೋಹಿಣಿ ಅತ್ತೆಯ ಫೋನಿನಲ್ಲಿ ಆಟ ತೆರೆದು, ತನ್ನ ಫೋನಿನಲ್ಲಿ ವಿಶಾಲಮ್ಮನ ಮುಖ ಬರಿಸಿ, ಚೊಂಬಿಗೆ ಒರಗಿಸಿ ನಿಲ್ಲಿಸಿದಳು.

ಆ ಫೋನಿನ ಕವಡೆಗಳನ್ನು ಕಂಡು ನನಗೆ ಮೈ ಉರಿಯಿತು. ಚಿಪ್ಪಿಲ್ಲ, ತೂಕವಿಲ್ಲ, ಬರೀ ಕಿಣಿಕಿಣಿ ಸದ್ದು. ತುಂಗಮ್ಮ ಮೊದಲು ನಮ್ಮನ್ನು ಚಾಪೆಯ ಮೇಲೆ ಎಸೆಯುವುದು, ಚೌಕ ಬಿದ್ದ ತಕ್ಷಣ "ಹಾಂ, ಕಲ್ತ್ಕೊ" ಎಂದು ಫೋನ್ ಒತ್ತುವುದು. ಅದು ಬರೀ ಒಂದು ಮನೆ ತೋರಿಸುವುದು. ಮತ್ತೆ ಚೌಕ, ಮತ್ತೆ ಒತ್ತು, ಮತ್ತೆ ಒಂದು! ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಮನೆಗೆ ಪ್ರವೇಶವಿಲ್ಲ. ತುಂಗಮ್ಮನ ಕಾಯಿಗಳು ಗಾಣದೆತ್ತಿನಂತೆ ಹೊರಗೇ ಸುತ್ತಿದವು. ವಿಶಾಲಮ್ಮನ ಮೂರು ಕಾಯಿ ನಡುಮನೆ ಸೇರಿ ಹಣ್ಣಾದವು.

"ಅತ್ತೆ, ಅಷ್ಟು ಜೋರಾಗಿ ಒತ್ಬೇಡಿ, ಗ್ಲಾಸ್ ಹೋಗುತ್ತೆ."

"ಹೋಗ್ಲಿ ಬಿಡು! ಇದರ ಕವಡೆ ಸರಿಯಿಲ್ಲ. ವಿಶಾಲೂ, ನಾನು ನಮ್ಮ ಕವಡೇನೇ ಹಾಕ್ತೀನಿ ಕಣೇ. ಬಿದ್ದಿದ್ದನ್ನ ಹೇಳ್ತೀನಿ, ನೀನು ನಂಬು."

ವಿಶಾಲಮ್ಮ ನಕ್ಕರು. "ನಂಬ್ತೀನಿ ಅಕ್ಕ. ಮೊದಲು ಒಂದೇ ಒಂದು ಬಾರ ಹಾಕಿ ತೋರಿಸು. ಇಪ್ಪತ್ತೆರಡು ಗೌರಿ ಹಬ್ಬ ಆಯ್ತು, ನಿನ್ನ ಕೈಲಿ ಬಾರ ಬಿದ್ದಿದ್ದು ನಾ ಕಂಡಿಲ್ಲ."

ತುಂಗಮ್ಮ ಎಸೆದರು. ಹತ್ತು ಸಲ, ಇಪ್ಪತ್ತು ಸಲ. ಒಮ್ಮೆ ಮೂರು ಕವಡೆಗಳು ಮಗುಚಿ ಬಿದ್ದವು. ನಾನು ಮಾತ್ರ ಆಕಾಶ ನೋಡುತ್ತ ಬಾಯಿ ತೆರೆದು ಬಿದ್ದಿದ್ದೆ. ರೋಹಿಣಿ ನನ್ನನ್ನೆತ್ತಿ ಅಂಗೈಯಲ್ಲಿ ತೂಗಿ ನೋಡಿದಳು. ಅತ್ತೆಯ ಮುಖ ನೋಡಿ ಚಾಪೆಯ ಮೇಲೆ ಇಟ್ಟುಬಿಟ್ಟಳು.

ಇನ್ನು ಮುಚ್ಚಿಟ್ಟು ಫಲವಿಲ್ಲ. ನನ್ನ ಹೊಟ್ಟೆಯಲ್ಲಿರುವುದು ಅನುಭವವಲ್ಲ, ಮೀನಿನ ಬಲೆಯ ಒಂದು ಸೀಸದ ಗುಂಡು. ತಾಯಿ ತೀರಿಕೊಂಡ ವರ್ಷ, ಭರಣಿ ಬಿಟ್ಟುಕೊಡಲು ಮನಸ್ಸಾಗದೆ, ತುಂಗಮ್ಮನೇ ತುಂಬಿ ಅರಗು ಹಾಕಿದ್ದರು. ಏಳು ಸಮುದ್ರದ ಮಾತೂ ಸುಳ್ಳು. ಅವರ ತಾಯಿ ನನ್ನನ್ನು ಕೊಂಡದ್ದು ಬಳೆಗಾರನ ಬುಟ್ಟಿಯಿಂದ.

"ವಿಶಾಲೂ, ನಿಂಗೆ ಯಾವಾಗ ಗೊತ್ತಾಯ್ತೇ?" ತುಂಗಮ್ಮನ ದನಿ ಇಳಿದಿತ್ತು.

"ಮೂರನೇ ವರ್ಷ."

"ಮತ್ತೆ ಯಾಕೆ ಬರ್ತಿದ್ದೆ?"

"ಒಬ್ಬಟ್ಟು ಚೆನ್ನಾಗಿ ಮಾಡ್ತೀಯಲ್ಲ, ಅದಕ್ಕೆ. ಈಗ ಆಟ ಆಡು."

ತುಂಗಮ್ಮ ಆಡಿದರು, ಸೋತರು. ಮರುದಿನ ಹಾಸನದ ಬಸ್ಸು ಹತ್ತಿ ತಂಗಿಯ ಮಡಿಲಿಗೆ ತಾವೇ ಬಾಗಿನ ಇಟ್ಟರು. ಮೊರದಲ್ಲಿ ಭರಣಿಯಿತ್ತು. ಭರಣಿಯೊಳಗೆ ನಾನು.

ಈಗ ಕುಂಕುಮದಲ್ಲಿ ಮುಳುಗಿ ಕೂತಿದ್ದೇನೆ. ನಾನು ಗೆಲ್ಲಿಸಿದ್ದು ಯಾವ ರಾಜನನ್ನೂ ಅಲ್ಲ, ಒಬ್ಬ ಅಕ್ಕನನ್ನು. ಅದೂ ಮೋಸದಿಂದ. ಅದೂ ತಂಗಿ ಗೆಲ್ಲಲು ಬಿಟ್ಟಿದ್ದರಿಂದ.