ಗಂಟಿನ ಮಣ್ಣು

ಮೂರನೆಯ ರೊಟ್ಟಿ ಹಂಚಿನ ಮೇಲಿತ್ತು. ನೀರು ಸವರಿ ತಿರುವಿ ಹಾಕಬೇಕು ಎನ್ನುವಷ್ಟರಲ್ಲಿ ಅಂಗಳದಲ್ಲಿ ಮೋಟಾರು ಸೈಕಲ್ಲು ಬಂದು ನಿಂತಿತು. ಹಿಟ್ಟಿನ ಕೈಯಲ್ಲೇ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬಂದೆ. ನಮ್ಮ ಊರಿನ ತಲಾಟಿ. ಹೆಗಲಿಗೆ ಚೀಲ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬೆರಳು ಒತ್ತಿಸಿಕೊಳ್ಳುವ ಸಣ್ಣ ಯಂತ್ರ. ಪಹಣಿಗೆ ಆಧಾರ ಕಾರ್ಡು ಜೋಡಿಸಬೇಕೆಂದು ಹುಕುಂ ಬಂದಿದೆ, ಅದಕ್ಕೇ ಮನೆಮನೆ ತಿರುಗುತ್ತಿದ್ದೇನೆ, ಹೊಲದ ಕಾಗದ ತನ್ನಿ ಎಂದರು.

ನಮ್ಮವರು ನಸುಕಿನಲ್ಲೇ ಕುರಿ ಹೊಡೆದುಕೊಂಡು ಹೋಗಿದ್ದರು. ಸಣ್ಣವನು ಸಾಬಣ್ಣ ಇನ್ನೂ ಮಲಗಿದ್ದ. ರೊಟ್ಟಿ ನೋಡಿಕೋ ಎಂದು ಮಗಳು ಕರೆಮ್ಮನಿಗೆ ಹೇಳಿ ಟ್ರಂಕು ಎಳೆದೆ. ಅವಳಿಗೆ ಹತ್ತು ವರ್ಷ, ಐದನೆಯ ಇಯತ್ತೆ ಮುಗಿಸಿ ರಜೆಯಲ್ಲಿದ್ದಾಳೆ. ರೊಟ್ಟಿ ನೋಡುವುದು ಬಿಟ್ಟು ಬಾಗಿಲ ಪಕ್ಕಕ್ಕೆ ಬಂದು ತಲಾಟಿಯ ಫೋನಿನ ಮೇಲೆ ಕಣ್ಣಿಟ್ಟು ನಿಂತಳು.

ತಲಾಟಿ ಕಾಗದ ನೋಡಿದರು, ಫೋನು ನೋಡಿದರು, ಮತ್ತೆ ಕಾಗದ ನೋಡಿದರು. ನೀವು ಉಳುವ ಹೊಲ ಯಾವುದು ಎಂದು ಕೇಳಿದರು. ಕಾಲುವೆಯ ಈಚೆಯ ನಾಲ್ಕು ಎಕರೆ ಎಂದೆ.

"ಈಚೇದು ತಿಮ್ಮಣ್ಣನ ಹೆಸರಿಲೆ ಅದರಿ. ನಿಮ್ಮ ಮಾವ ಬೀರಣ್ಣಂದು ಕಾಲುವಿ ಆಚಿಗಿ ಅದ."

"ಹೌದ್ರಿ. ಬದಲ ಮಾಡ್ಯಾರ."

"ಎಲ್ಲಿ ಮಾಡ್ಯಾರ?"

"ಗುಡ್ಯಾಗ."

ಅವರು ನಕ್ಕರು. ಕೆಟ್ಟ ನಗುವಲ್ಲ. ದಿನಕ್ಕೆ ಹತ್ತು ಮನೆಯಲ್ಲಿ ಇದೇ ಮಾತು ಕೇಳಿದವರ ನಗು.

ನಮ್ಮ ಮಾವನಿಗೂ ಅವರ ತಮ್ಮ ತಿಮ್ಮಣ್ಣ ಮಾವನಿಗೂ ಒಟ್ಟಿಗೆ ಎಂಟು ಎಕರೆ ಇತ್ತು. ಭೀಮರಾಯನಗುಡಿಯ ಕಾಲುವೆ ಕಚೇರಿಯಿಂದ ಜೀಪಿನಲ್ಲಿ ಬಂದವರು ಗೂಟ ಬಡಿದು ಹೋದರಂತೆ. ಮರು ವರ್ಷ ಉಪಕಾಲುವೆ ಆ ಎಂಟು ಎಕರೆಯ ನಡುವೆಯೇ ಹಾದು ಬಂತು. ಮಾವನ ಪಾಲು ಆಚೆ ಉಳಿಯಿತು, ಅವರ ಕುರಿಹಟ್ಟಿ ಈಚೆ. ತಿಮ್ಮಣ್ಣ ಮಾವನ ಪಾಲು ಈಚೆ, ಅವರು ಕಟ್ಟಿಸಿದ ಮನೆ ಆಚೆ. ಆಗ ಅಣ್ಣತಮ್ಮಂದಿರು ಒಬ್ಬರ ಹೊಲ ಒಬ್ಬರಿಗೆ ಕೊಟ್ಟುಕೊಂಡರು. ಹಣಮಪ್ಪನ ಗುಡಿಯಲ್ಲಿ ಐದು ಮಂದಿ ಹಿರಿಯರ ಮುಂದೆ ತಂತಮ್ಮ ಹೊಲದ ಮಣ್ಣು ಬೊಗಸೆಯಷ್ಟು ತಂದು, ಅರಿವೆಯಲ್ಲಿ ಕಟ್ಟಿ, ಕೈಯಿಂದ ಕೈಗೆ ದಾಟಿಸಿದರು. ಅಷ್ಟೇ. ತಿಮ್ಮಣ್ಣ ಮಾವ ಕೊಟ್ಟ ಗಂಟು ನಮ್ಮ ಗೋಡೆಯೊಳಗಿನ ದೇವರ ಮಾಡದಲ್ಲಿ ಈಗಲೂ ಇದೆ. ಎಳ್ಳು ಅಮಾಸಿಗೆ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲುವಾಗ ಅತ್ತೆ ಅದನ್ನು ಜೊತೆಗೆ ಒಯ್ಯುತ್ತಿದ್ದರು. ಅವರು ಹೋದ ಮೇಲೆ ನಾನು ಒಯ್ಯುತ್ತೇನೆ.

ಇಷ್ಟು ದಿನ ಅದರಿಂದ ತೊಂದರೆಯಾಗಿರಲಿಲ್ಲ. ಹೊಲದ ಬೆಳೆಯನ್ನು ಫೋನಿನಲ್ಲಿ ಫೋಟೋ ಹಿಡಿಯುವುದು ಶುರುವಾದ ಮೇಲೆ ಸಣ್ಣ ಸಣ್ಣ ತೊಡಕು ಬಂದವು. ಹೋದ ವರ್ಷ ತೊಗರಿ ಬೀಜಕ್ಕೆ ಹೋದಾಗ, ನಿಮ್ಮ ಹೊಲದಲ್ಲಿ ಭತ್ತ ಇದೆಯಲ್ಲ, ತೊಗರಿ ಏಕೆ ಎಂದರು. ಭತ್ತ ಹಚ್ಚುವವರು ಕಾಲುವೆಯ ಆಚೆಯ ಭಗವಂತರಾಯ ಭಾವ, ತಿಮ್ಮಣ್ಣ ಮಾವನ ಮಗ. ಅವರು ತಾವೇ ಅಪ್ಪನ ಪಹಣಿ ತೋರಿಸಿ ತೊಗರಿ ಬೀಜ ಇಸಿದುಕೊಂಡು, ಹೆಗಲ ಶಲ್ಲೆಯಲ್ಲಿ ಕಟ್ಟಿಕೊಂಡು ಬಂದು ನಮ್ಮ ಕಟ್ಟೆಯ ಮೇಲಿಟ್ಟರು. ಸರಕಾರ ನನಗ ಕೊಟ್ಟದ್ದು ನಿಮಗ ಎಂದು ನಕ್ಕರು, ನಾವೂ ನಕ್ಕೆವು. ಹತ್ತಿ ಬಿಡಿಸುವ ಹೊತ್ತಿಗೆ ಮಳೆ ಹೊಡೆದು ಕಾಯಿ ಕೊಳೆತಾಗ ನಗು ಬರಲಿಲ್ಲ. ಪರಿಹಾರದ ಪಟ್ಟಿಯಲ್ಲಿ ನಮ್ಮ ಹೊಲಕ್ಕೆ ಬಂದದ್ದು ತಿಮ್ಮಣ್ಣ ಮಾವನ ಹೆಸರು. ಅವರು ತೀರಿಕೊಂಡು ಹನ್ನೆರಡು ವರ್ಷ.

ತಲಾಟಿ ಕಟ್ಟೆಯ ಮೇಲೆ ಕುಳಿತು ಸಮಾಧಾನವಾಗಿ ಹೇಳಿದರು. ಇನ್ನು ಮೇಲೆ ಬೀಜ, ಪೈಪು, ಪರಿಹಾರ ಎಲ್ಲವೂ ಕಾಗದದಂತೆ. ಕಾಗದದಲ್ಲಿ ಸತ್ತವರ ಹೆಸರು ಇರುವಂತಿಲ್ಲ. ಮೊದಲು ಎರಡೂ ಹೊಲಕ್ಕೆ ವಾರಸುದಾರರ ಹೆಸರು ಏರಬೇಕು, ಆಮೇಲೆ ಎಲ್ಲರೂ ಸುರಪುರಕ್ಕೆ ಹೋಗಿ ಅದಲುಬದಲಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಒಬ್ಬರು ಒಲ್ಲೆ ಎಂದರೂ ಆಗುವುದಿಲ್ಲ. ಮುಂಗಾರಿನ ಒಳಗೆ ಮುಗಿಸಿಕೊಂಡರೆ ಒಳ್ಳೆಯದು.

ಅಲ್ಲಿಯೇ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ವಂಶಾವಳಿ ಬರೆಯತೊಡಗಿದರು. ಬೀರಣ್ಣನ ಕೆಳಗೆ ಒಂದು ಗೀಟು, ನಮ್ಮವರ ಹೆಸರು. ಅದರ ಕೆಳಗೆ ಇನ್ನೊಂದು ಗೀಟು. ಮಕ್ಕಳು ಎಂದು ಕೇಳಿದರು. ಸಾಬಣ್ಣ, ಐದು ವರ್ಷ ಎಂದೆ. ಬರೆದುಕೊಂಡರು. ತಿಮ್ಮಣ್ಣನಿಗೆ ಯಾರು ಎಂದರು. ಭಗವಂತರಾಯ ಭಾವ ಎಂದೆ.

"ಹೆಣ್ಣಮಕ್ಕಳು? ಬಿಟ್ಟು ಬರದ್ರ ನಾಳಿ ನನ್ನ ನೌಕರಿಗಿ ಬರ್ತದ."

ಭಾವನ ತಂಗಿ, ರಂಗಂಪೇಟೆಗೆ ಕೊಟ್ಟ ಬಾಲಮ್ಮಕ್ಕನ ಹೆಸರು ಹೇಳಿದೆ. ಅಷ್ಟರಲ್ಲಿ ರೊಟ್ಟಿ ಸುಟ್ಟ ವಾಸನೆ ಬಂತು. ಒಳಗೆ ಓಡಿದೆ. ಹಂಚಿನ ಮೇಲೆ ಹೊಗೆ ಏಳುತ್ತಿತ್ತು. ಒಂದು ಕೆಲಸ ಹೇಳಿದರೆ ಆಗುವುದಿಲ್ಲವೇನು ಎಂದು ಕರೆಮ್ಮನಿಗೆ ಗದರಿದೆ. ಅವಳ ಕಣ್ಣು ಇನ್ನೂ ತಲಾಟಿಯ ಹಾಳೆಯ ಮೇಲೆಯೇ ಇತ್ತು. ಅವತ್ತು ಸುಟ್ಟ ರೊಟ್ಟಿಯನ್ನು ಅವಳೇ ತಿಂದಳು; ಬೇಡ, ಕುರಿಮರಿಗೆ ಹಾಕು ಎಂದರೂ ಕೇಳಲಿಲ್ಲ.

ಮಧ್ಯಾಹ್ನ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಉಣ್ಣುವುದನ್ನು ನಿಲ್ಲಿಸಲಿಲ್ಲ. ಕೈ ತೊಳೆದ ಮೇಲೆ, ಬಾಲಮ್ಮಕ್ಕನನ್ನು ಕೇಳಬೇಕು ಎಂದರು. ನಾವಿಬ್ಬರೂ ಆಚೆಯ ಹೊಲವನ್ನು ನೆನೆದೆವು. ಮೂವತ್ತೈದು ವರ್ಷ ಭತ್ತಕ್ಕೆ ನೀರು ನಿಲ್ಲಿಸಿದ ಹೊಲ ಅದು. ಬೇಸಿಗೆಯಲ್ಲಿ ನೋಡಿದರೆ ಸುಣ್ಣ ಚೆಲ್ಲಿದಂತೆ ಬೆಳ್ಳಗಿರುತ್ತದೆ. ಒಂದು ಮೂಲೆಯಲ್ಲಂತೂ ಆಪು ಹುಲ್ಲು ಬಿಟ್ಟರೆ ಏನೂ ಏಳುವುದಿಲ್ಲ. ಈಚೆಯ ಹೊಲವನ್ನು ಮಾವ, ನಮ್ಮವರು, ನಾನು ಕಲ್ಲು ಆರಿಸಿ, ಕುರಿ ನಿಲ್ಲಿಸಿ, ಒಡ್ಡು ಹಾಕಿ ಹೊಲ ಮಾಡಿದ್ದೇವೆ. ಕಾಗದ ಹೇಳುವ ಹಾಗೆ ನಡೆದರೆ ನಮಗೆ ಬರುವುದು ಆ ಉಪ್ಪೇರಿದ ಸವಳು.

ಐತವಾರ ಭಗವಂತರಾಯ ಭಾವನ ಜೊತೆ ರಂಗಂಪೇಟೆಗೆ ಹೊರಟೆ. ನಮ್ಮವರು ಕುರಿ ಬಿಟ್ಟು ಬರುವಂತಿರಲಿಲ್ಲ. ಸಣ್ಣವನನ್ನು ಪಕ್ಕದ ಮನೆಯ ಲಾಲಮ್ಮನ ಹತ್ತಿರ ಬಿಟ್ಟೆ. ಕರೆಮ್ಮ ನಾನೂ ಬರುತ್ತೇನೆ ಎಂದು ಹಟ ಹಿಡಿದಳು. ದೇವರ ಮಾಡದಿಂದ ಗಂಟು ತೆಗೆದು ಚೀಲದಲ್ಲಿ ಇಟ್ಟುಕೊಂಡೆ. ಹಿರಿಯರು ಕೊಟ್ಟ ಮಾತು, ಅದನ್ನು ಕಣ್ಣಾರೆ ನೋಡಿದರೆ ಬಾಲಮ್ಮಕ್ಕ ಇಲ್ಲ ಎನ್ನಲಿಕ್ಕಿಲ್ಲ ಎಂದುಕೊಂಡೆ. ಕಕ್ಕೇರಾದಲ್ಲಿ ಬಸ್ಸು ಹತ್ತಿದ ಮೇಲೆ ಭಾವ ಒಂದೇ ಮಾತು ಆಡಿದರು: ನೀನೇ ಮಾತಾಡವ್ವ, ನನಗೆ ಅವಳ ಮುಂದೆ ಬಾಯಿ ಬರುವುದಿಲ್ಲ.

ಬಾಲಮ್ಮಕ್ಕನ ಗಂಡ ತೀರಿಕೊಂಡು ಎಂಟು ವರ್ಷವಾಗಿದೆ. ದೊಡ್ಡ ಮಕ್ಕಳಿಬ್ಬರು ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಬೇಸಿಗೆಯಲ್ಲಿ ಬಾಲಮ್ಮಕ್ಕ ಊರವರಿಗೆ ಶಾವಿಗೆ ಹೊಸೆದು ಕೊಡುತ್ತಾರೆ. ನಾವು ಹೋದಾಗ ಮಂಚಕ್ಕೆ ಕಟ್ಟಿದ ಯಂತ್ರ ತಿರುವುತ್ತಿದ್ದರು. ಅಂಗಳದ ತುಂಬ ಕೋಲಿನ ಮೇಲೆ ಶಾವಿಗೆ ಒಣಗುತ್ತಿತ್ತು. ಅಣ್ಣನನ್ನು ನೋಡಿ ಯಂತ್ರ ನಿಲ್ಲಿಸಲಿಲ್ಲ.

"ಏನಪಾ ಅಣ್ಣ, ಹಬ್ಬ ಇಲ್ಲ ಹುಣ್ಣಿಮಿ ಇಲ್ಲ, ತಂಗಿ ಮನಿ ದಾರಿ ಹ್ಯಾಂಗ ಸಿಕ್ತು? ಕುಪ್ಪಸ ತಂದಿಯೋ, ಕಾಗದ ತಂದಿಯೋ?"

ಕರೆಮ್ಮ ಕಿಸಕ್ಕೆಂದಳು. ಭಾವ ಹೊರಗಿನ ಕಟ್ಟೆಗೆ ಹೋಗಿ ಕುಳಿತರು. ಬಾಲಮ್ಮಕ್ಕ ನಮಗೆ ನೀರು ಕೊಟ್ಟರು, ಚಹಾಕ್ಕೆ ಇಟ್ಟರು, ಹುಡುಗಿಯ ಜಡೆ ಬಿಚ್ಚಿದೆಯೆಂದು ಬಳಿಗೆ ಕರೆದು ಹೆಣೆದರು. ಅವರ ಕೈ ಅವಳ ತಲೆಯ ಮೇಲಿರುವಾಗಲೇ ನಾನು ಎಲ್ಲ ಹೇಳಿದೆ. ತಲಾಟಿ ಬಂದದ್ದು, ಬೀಜ ಸಿಗದದ್ದು, ಹತ್ತಿ ಕೊಳೆತದ್ದು, ಆಚೆಯ ಸವಳು. ಕೊನೆಗೆ ಗಂಟು ತೆಗೆದು ಅವರ ಮುಂದಿಟ್ಟೆ.

ಅವರು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಎಷ್ಟೋ ವರ್ಷದ ಕುಂಕುಮ, ಎಣ್ಣೆ, ಹೊಗೆ ಹತ್ತಿದ ಅರಿವೆ. ಹೆಬ್ಬೆರಳಿಗೆ ಉಗುಳು ಹಚ್ಚಿ ಒಂದು ಕಡೆ ತಿಕ್ಕಿದರು. ಒಳಗಿನಿಂದ ಹಸಿರು ಬಣ್ಣ ಕಂಡಿತು, ಹಸಿರಿನ ನಡುವೆ ಒಂದು ಹಳದಿ ಮೊಗ್ಗು.

"ಇದು ನನ್ನ ಲಂಗ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಆಗ ಅವರಿಗೆ ಹತ್ತು ವರ್ಷ. ಸುರಪುರದ ಅಂಗಡಿಯಲ್ಲಿ ಪಂಚಮಿಗೆ ತಂದ ಲಂಗ, ಎರಡು ಸಲ ಉಟ್ಟಿದ್ದರು. ಹಗ್ಗದ ಮೇಲೆ ಒಣಗುತ್ತಿದ್ದದ್ದನ್ನು ಅಪ್ಪ ಎಳೆದು ಹರಿದುಕೊಂಡು ಗುಡಿಗೆ ನಡೆದ. ಹಿಂದೆಯೇ ಅಳುತ್ತ ಓಡಿದರೆ, ಕಾಲುವೆಗೆ ನೀರು ಬರಲಿ, ಹತ್ತು ಲಂಗ ಕೊಡಿಸುತ್ತೇನೆ ಎಂದ. ನೀರು ಬಂತು. ಎರಡು ಬೆಳೆ ಬಂದವು. ಲಂಗ ಬರಲಿಲ್ಲ. ಆಮೇಲೆ ಮದುವೆ ಮಾಡಿ ಇಲ್ಲಿಗೆ ಕಳಿಸಿದರು. ಇದನ್ನೆಲ್ಲ ಅವರು ನಗುತ್ತಲೇ ಹೇಳಿದರು. ಗಂಟು ಕೈಯಲ್ಲೇ ಇತ್ತು.

"ಅರಿವಿ ಹರಿಯುವಾಗ ಕೇಳಲಿಲ್ಲ. ಮಣ್ಣು ಬದಲ ಮಾಡುವಾಗ ಕೇಳಲಿಲ್ಲ. ಈಗ ಹೆಬ್ಬಟ್ಟು ಕೇಳಾಕ ಬಂದೀರಿ."

ಹೊರಗೆ ಭಾವ ಕೆಮ್ಮಿದರು. ಒಳಗೆ ಬರಲಿಲ್ಲ.

ನಾನು ಅವರ ಕೈ ಹಿಡಿದುಕೊಂಡೆ. ಅಕ್ಕ, ಇದರಲ್ಲಿ ನನ್ನ ತಪ್ಪೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವರದೂ ತಪ್ಪೇನಿತ್ತು?

"ನಿನ್ನ ಮ್ಯಾಲ ಸಿಟ್ಟಿಲ್ಲ ತಂಗಿ," ಎಂದರು ಅವರೇ. "ಆದ್ರ ಪತ್ರಕ್ಕ ಹೆಬ್ಬಟ್ಟು ಒತ್ತಂಗಿಲ್ಲ. ಕಾಗದದಾಗ ನನ್ನ ಹೆಸರು ಬರ್ತದಂದ್ರ ಬರಲಿ. ಹ್ಯಾಂಗ ಕಾಣ್ತದ, ಒಮ್ಮಿ ನೋಡ್ತೀನಿ. ಮುಂದಿಂದು ನನ್ನ ಮಕ್ಕಳು ನೋಡ್ಕೋತಾರ."

ಆ ಮಕ್ಕಳು ಟೇಪು ಹಿಡಿದುಕೊಂಡು ಬಂದು ನಮ್ಮ ಹತ್ತಿಯ ಸಾಲಿನ ನಡುವೆ ನಿಲ್ಲುವುದು ನನ್ನ ಕಣ್ಣಿಗೆ ಕಟ್ಟಿತು. ಗೋಡೆ ಕಟ್ಟುವ ಹುಡುಗರು, ಅಳತೆ ತಪ್ಪುವುದಿಲ್ಲ.

ಹೊರಡುವಾಗ ಬಾಲಮ್ಮಕ್ಕ ಗಂಟು ಬಿಚ್ಚಿದರು. ಸೆರಗು ಒಡ್ಡು ಎಂದರು, ಒಡ್ಡಿದೆ. ಮಣ್ಣನ್ನೆಲ್ಲ ನನ್ನ ಸೆರಗಿಗೆ ಸುರಿದರು. ಅರಿವೆಯನ್ನು ಎರಡು ಸಲ ಝಾಡಿಸಿ, ಮಡಚಿ, ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಕರೆಮ್ಮನ ಕೈಗೆ ಒಂದು ಸೇರು ಶಾವಿಗೆ ಕೊಟ್ಟು, ಬೆಲ್ಲ ಹಾಕಿ ಮಾಡಿಸಿಕೊಂಡು ತಿನ್ನು ಎಂದರು. ಅವಳು ಶಾವಿಗೆಯ ಪೊಟ್ಟಣ ಎದೆಗೆ ಹಿಡಿದು ಬಾಲಮ್ಮಕ್ಕನ ಮುಖವನ್ನೇ ನೋಡುತ್ತ ನಿಂತಿದ್ದಳು. ಬಾ ಎಂದು ಎರಡು ಸಲ ಕರೆಯಬೇಕಾಯಿತು.

ಬಸ್ಸಿನಲ್ಲಿ ಕುಳಿತಾಗ ಸೆರಗಿನ ಮಣ್ಣು ಮಡಿಲಲ್ಲಿ ಭಾರವಾಗಿತ್ತು. ಭಾವ ನನ್ನ ಕಡೆ ತಿರುಗಿದರು. ಈಚೆಯ ಹೊಲದಲ್ಲಿ ನನ್ನ ಅರ್ಧ ಪಾಲು ನಿಮಗೇ ಬಿಡುತ್ತೇನೆ, ತಂಗಿಯ ಅರ್ಧಕ್ಕೆ ನಾನೇನು ಮಾಡಲಿ, ಅದರ ಬದಲು ಅವಳಿಗೆ ಕೊಡಲು ಆಚೆ ಸವಳಲ್ಲದೆ ಏನಿದೆ ಎಂದರು. ಅವರ ಕಣ್ಣು ತುಂಬಿದ್ದವು. ಹುಡುಗಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಮಾಲಗತ್ತಿಯಲ್ಲಿ ಬಸ್ಸು ನಿಂತಿತು, ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಅವಳು ತಿರುಗಿ ನೋಡಲಿಲ್ಲ. ಅವ್ವಾ ಎಂದು ಒಮ್ಮೆ ಶುರುಮಾಡಿ, ಏನೂ ಇಲ್ಲ ಎಂದಳು.

ರಸ್ತೆಯ ಮೇಲೆ ಇಳಿದು ಭಾವ ತಮ್ಮ ಮನೆಯ ಕಡೆ ಹೋದರು. ನಾವಿಬ್ಬರೂ ಕಾಲುವೆಯೊಳಗೆ ಇಳಿದು ದಾಟತೊಡಗಿದೆವು. ನೀರು ಬಂದ್ ಮಾಡಿ ತಿಂಗಳಾಗಿತ್ತು. ತಳದ ರಾಡಿ ಒಣಗಿ ಬಿರುಕು ಬಿಟ್ಟು ಕಾಲ ಕೆಳಗೆ ಹಪ್ಪಳದಂತೆ ಮುರಿಯುತ್ತಿತ್ತು. ನಡುವೆ ನಿಂತರೆ ಹಿಂದೆ ಸವಳಿನ ಬಿಳುಪು, ಮುಂದೆ ನಮ್ಮ ಹೊಲ. ಹತ್ತಿಕಟ್ಟಿಗೆ ಕಿತ್ತು ಹರಗಿದ ಕರಿ ನೆಲ. ದೂರದಲ್ಲಿ ನಮ್ಮವರು ಕುರಿ ತಿರುಗಿಸುತ್ತಿದ್ದರು. ನಮ್ಮನ್ನು ಕಂಡು ಕೈ ಎತ್ತಿದರು. ಏನಾಯಿತು ಎಂದು ಕೇಳುವ ಕೈ. ನನ್ನ ಎರಡೂ ಕೈಯಲ್ಲಿ ಸೆರಗು ಇತ್ತು, ನಾನು ಎತ್ತಲಿಲ್ಲ.

ಈ ಮಣ್ಣನ್ನು ಎಲ್ಲಿ ಹಾಕಲಿ ಎಂದು ತಿಳಿಯದೆ ಅಲ್ಲಿಯೇ ನಿಂತೆ. ದೇವರ ಮಾಡಕ್ಕೆ ಒಯ್ಯಲು ಅರಿವೆಯಿಲ್ಲ. ಹೊಲಕ್ಕೆ ಚೆಲ್ಲಿದರೆ ಮೂವತ್ತೈದು ವರ್ಷದ ಮಾತು ಅಲ್ಲಿಗೆ ಮುಗಿದಂತೆ. ಕರೆಮ್ಮ ಎರಡು ಹೆಜ್ಜೆ ಮುಂದೆ ಹೋಗಿದ್ದಳು. ತಿರುಗಿ ಬಂದು ನನ್ನ ಎದುರು ನಿಂತಳು. ಬಾಲಮ್ಮಕ್ಕ ಹೆಣೆದ ಜಡೆ ಬಿಗಿಯಾಗಿ ಹಾಗೆಯೇ ಇತ್ತು. ಶಾವಿಗೆಯ ಪೊಟ್ಟಣವನ್ನು ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಅವ್ವಾ," ಎಂದಳು, "ಅವತ್ತು ತಲಾಟಿ ಸಾಹೇಬ್ರು ಮಕ್ಕಳು ಯಾರಂತ ಕೇಳಿದಾಗ, ನನ್ನ ಹೆಸರು ಯಾಕ ಹೇಳಲಿಲ್ಲ?"